ಇನ್ನಷ್ಟು ಹೊತ್ತು ನೋಡು

ಮೇಡಂ ಅವರ ಬಲಗೈಯಲ್ಲಿ, ಬಳೆಗಳ ಕೆಳಗೆ, ಹಂಚು ತಾಕಿ ಸುಟ್ಟ ಉದ್ದನೆಯ ಕಲೆಯಿತ್ತು. ಅವರು ಸೇಡಂ ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರ ಹೇಳುತ್ತಿದ್ದರು. ತಿಳಿಯದ ಪಾಠ ಹೊತ್ತುಕೊಂಡು ಭಾನುವಾರ ಅವರ ಮನೆಗೆ ಹೋದರೆ, ಜೋಳದ ರೊಟ್ಟಿ ಬಡಿಯುತ್ತಲೇ ವಿವರಿಸುವರು. ಆ ಭರದಲ್ಲಿ ಒಮ್ಮೆ ಹಂಚನ್ನೇ ಮರೆತಿದ್ದರಂತೆ. "ತಿಳೀತ್ರಿ" ಎಂದು ಬೇಗ ಅಂದವರನ್ನು ಮಾತ್ರ ಬಿಡುತ್ತಿರಲಿಲ್ಲ.

"ಇಷ್ಟ ಲಗೂನ? ನನಗ ವರ್ಷ ಹಿಡದಿತ್ತವಾ."

ಮಳಖೇಡದ ನಮ್ಮ ಮನೆಯಲ್ಲಿ ನನಗೆ ಬಿ.ಎಡ್. ಎಂದು ನಿಶ್ಚಯವಾಗಿತ್ತು. ಮೇಡಂ ಬಸ್ಸು ಹತ್ತಿ ಬಂದು ಅಪ್ಪನ ಮುಂದೆ ಕುಳಿತರು. "ಅಣ್ಣಾರ, ಈಕಿಗಿ ಪ್ರಶ್ನೆ ಕೇಳೋ ಚಟ ಅದ. ಬಿಡಸಬ್ಯಾಡ್ರಿ." ಅಪ್ಪ ನಕ್ಕುಬಿಟ್ಟ. ಅಲ್ಲಿಗೆ ನನಗೆ ಎಂ.ಎಸ್ಸಿ.ಯ ದಾರಿ ತೆರೆಯಿತು.

ಸಂಶೋಧನೆಗೆ ಹಿಡಿದದ್ದು ವಿಚಿತ್ರ ವಿಷಯ. ಒಟ್ಟಿಗಿರುವ ಕ್ವಾಂಟಮ್ ಕಣಗಳು ಚಹದಲ್ಲಿನ ಸಕ್ಕರೆಯಂತೆ ಕ್ರಮೇಣ ಕಲೆತುಹೋಗಬೇಕು. ಆದರೆ ಅವು ಇರುವ ಜಾಗದಲ್ಲಿ ಏರುಪೇರು ಹೆಚ್ಚಾದರೆ ಕೆಲವೊಮ್ಮೆ ಇದ್ದಲ್ಲೇ ನಿಂತುಬಿಡುತ್ತವೆ. ನನ್ನ ಕಂಪ್ಯೂಟರ್ ಲೆಕ್ಕದಲ್ಲಿ ಅವು ಹಾಗೆ ನಿಂತಾಗ ಕುಣಿದಾಡಿದೆ. ಶಿಷ್ಯವೇತನ ಮುಗಿಯುತ್ತ ಬಂದಿತ್ತು. ಪ್ರಬಂಧವಾಗದಿದ್ದರೆ ಬರಿಗೈಯಲ್ಲಿ ಊರಿಗೆ. ಮೇಡಂಗೆ ಫೋನ್ ಮಾಡಿದೆ.

"ಕಣ ನಿಂತಾವ್ರಿ, ಮೇಡಂ."

"ನಿಂತಾವೋ, ಭಾಳ ಸಾವಕಾಶ ಹೊಂಟಾವೋ?"

"ಅಲುಗಾಡಲಿಕತ್ತಿಲ್ರಿ."

"ಇನ್ನಷ್ಟು ಹೊತ್ತು ನೋಡು."

ಸಿಟ್ಟು ಬಂತು. ಆದರೂ ಲೆಕ್ಕವನ್ನು ಇನ್ನೂ ಉದ್ದ ಓಡಿಸಿದೆ. ಕಣಗಳು ಜರುಗುತ್ತಿದ್ದವು. ನಿಂತಿರಲೇ ಇಲ್ಲ, ಗಾಜಿನೊಳಗಿನ ಕಣಗಳಂತೆ ತೀರಾ ನಿಧಾನ, ಅಷ್ಟೇ. ಮೊದಲಿನದನ್ನೇ ಅಚ್ಚು ಹಾಕಿಸಿದ್ದರೆ ನಗೆಪಾಟಲಾಗುತ್ತಿದ್ದೆ. ಆ ನಿಧಾನವನ್ನೇ ಬರೆದೆ, ಪಿಎಚ್.ಡಿ. ಆಯಿತು.

ತೀರಿಕೊಳ್ಳುವ ಮುಂಚೆ ಮೇಡಂ ಕೆಲವು ತಿಂಗಳು ಲಕ್ವಾ ಹೊಡೆದು ಮಲಗಿದ್ದರು. ನೋಡಲು ಹೋದಾಗ ಅವರ ಸೊಸೆ ಬಾಗಿಲಲ್ಲೇ ಹೇಳಿದಳು: "ಯಾರ್ದೂ ಗುರ್ತ ಹಿಡಿಯಂಗಿಲ್ರಿ. ಮಾತಾಡಿಸೋದು ಬಿಟ್ಟೀವಿ."

ಪಕ್ಕದಲ್ಲಿ ಕುಳಿತೆ. ಅವರ ಕಣ್ಣು ಸೂರಿನಲ್ಲಿ ನೆಟ್ಟಿತ್ತು. ಆ ಕಣಗಳ ಕಥೆಯನ್ನೇ ಹೇಳತೊಡಗಿದೆ. ನಾನು ಮರಳಬೇಕಿದ್ದ ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಯಾವಾಗಲೋ ಕಲೆಯಿದ್ದ ಆ ಕೈ ಹಾಸಿಗೆಯ ಮೇಲೆ ಮೆಲ್ಲಗೆ ಜರುಗಿ ಬಂದು ನನ್ನ ಬೆರಳು ಹಿಡಿಯಿತು.

ಸೊಸೆಯನ್ನು ಕರೆದು ತೋರಿಸಿದೆ. "ಗುರ್ತ ಹಿಡಿತಾರವಾ. ಹೊತ್ತು ಹಿಡಿತದ, ಅಷ್ಟ."

ಆಮೇಲೆ ಕೊನೆಯವರೆಗೂ ಆಕೆ ದಿನಾ ಅತ್ತೆಯ ಕೈ ಹಿಡಿದು ಮಾತಾಡುತ್ತ ಕೂರುತ್ತಿದ್ದಳಂತೆ. ಮೇಡಂ ಋಣದಲ್ಲಿ ನಾನು ತೀರಿಸಿದ್ದು ಅಷ್ಟೇ.