ಗೇಟಿಗೊಂದು ಪದ

ಕವಿತಾ, ನಿನ್ನ ಹನ್ನೆರಡು ಪದಗಳನ್ನು ನನ್ನ ಮಗ ಮಹೇಶನಿಗೆ ಕೊಟ್ಟವಳು ನಾನು. ಇಲಿಯಾಸ್ ಅಲ್ಲ, ಯಾವ ಹ್ಯಾಕರನೂ ಅಲ್ಲ — ನಿನ್ನ ಅತ್ತೆ. ಮಹೇಶ ಕೇಳಿರಲೂ ಇಲ್ಲ. ನಾನೇ ಬಾಯಿಬಿಟ್ಟೆ. ಆಮೇಲೆ ಇಷ್ಟು ವರ್ಷ ಅದೇ ಬಾಯಿ ಮುಚ್ಚಿಕೊಂಡು ನಿನ್ನ ಕೈಯ ಅನ್ನ ಉಂಡೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಹೇಳುತ್ತೇನೆ. ಇದನ್ನು ನಾಳೆ ಬೇರೆಯವರೂ ಓದಬೇಕಾಗುತ್ತದೆ.

ಹೊರದೇಶದ ಕಂಪನಿಯೊಂದಕ್ಕೆ ನೀನು ಮನೆಯಲ್ಲೇ ಕೂತು ಚಿತ್ರ ಬಿಡಿಸಿಕೊಡುತ್ತಿದ್ದೆ. ಅವರು ಕೊಡುತ್ತಿದ್ದದ್ದು ಕಂಪ್ಯೂಟರಿನೊಳಗಿನ ನಾಣ್ಯ. ಬ್ಯಾಂಕಿಗೆ ಬಂದದ್ದನ್ನೆಲ್ಲ ನನ್ನ ಮಗ ಕ್ರಿಕೆಟ್ ಬೆಟ್ಟಿಂಗಿಗೆ ಸುರಿಯುತ್ತಿದ್ದನಲ್ಲ, ಅದಕ್ಕೇ ನೀನು ನಾಣ್ಯವನ್ನು ನಾಣ್ಯವಾಗಿಯೇ ಬಿಟ್ಟಿದ್ದೆ. ಕಳ್ಳದುಡ್ಡೇನೇ ಎಂದು ನಾನು ನೇರವಾಗಿ ಕೇಳಿದ್ದೆ.

"ಟ್ಯಾಕ್ಸ್ ಕಟ್ಟಿದೀನಿ ಅತ್ತೆ. ಸರ್ಕಾರಕ್ಕೆ ಗೊತ್ತು. ನಿಮ್ಮ ಮಗನಿಗೆ ಮಾತ್ರ ಗೊತ್ತಿಲ್ಲ."

ಆ ನಾಣ್ಯ ಇಟ್ಟ ಪೆಟ್ಟಿಗೆಗೆ ಹನ್ನೆರಡು ಇಂಗ್ಲಿಷ್ ಪದಗಳೇ ಕೀಲಿ, ಒಂದರ ಹಿಂದೆ ಒಂದು, ಕ್ರಮ ತಪ್ಪಿದರೆ ತೆರೆಯುವುದಿಲ್ಲ ಎಂದೆಯಲ್ಲ. ಬರೆದಿಟ್ಟರೆ ಮಹೇಶ ಬೀರು ತಡಕುತ್ತಾನೆ. ನಿನ್ನ ತಲೆಯಲ್ಲಷ್ಟೇ ಇಟ್ಟುಕೊಂಡರೆ, ನಿನಗೇನಾದರೂ ಆದಾಗ ಮಗಳು ಅನುಗೆ ಏನೂ ಸಿಗುವುದಿಲ್ಲ. "ನಿಮಗೆ ಇಂಗ್ಲಿಷ್ ಓದೋಕೆ ಬರಲ್ಲ, ಅತ್ತೆ. ಆದ್ರೆ ಕೇಳಿದ್ದನ್ನ ಮರೆಯಲ್ಲ. ನೀವೇ ಇಟ್ಕೊಳ್ಳಿ."

ಇಟ್ಟುಕೊಂಡೆ. ನಾನು ಹೂವಿನವಳು. ಶಿವಾಜಿನಗರದಲ್ಲಿ ಹೂ ತಂದು ಹೊಸ ತಿಪ್ಪಸಂದ್ರದ ಬೀದಿಯಲ್ಲಿ ದಿನಾ ವರ್ತನೆಯ ಮನೆಗಳ ಗೇಟಿಗೆ ಪೊಟ್ಟಣ ಸಿಕ್ಕಿಸುವವಳು. ಯಾವ ಮನೆಗೆ ಎಷ್ಟು ಮೊಳ, ಯಾರಿಗೆ ಕನಕಾಂಬರ ಆಗದು — ಎಲ್ಲ ಕಾಲಿಗೇ ಗೊತ್ತು. ಗೇಟಿಗೊಂದು ಪದ ಕಟ್ಟಿದೆ. ನಿಂಬೆಗಿಡದ ಮನೆಗೆ ಲೆಮನ್. ವಿಮಾನ ಕಾರ್ಖಾನೆಯಿಂದ ರಿಟೈರಾದ ಮುದುಕನ ಗೇಟಿಗೆ ಅಂಕಲ್. ಸುಣ್ಣ ಬಳಿಯುವವನ ಮನೆಗೆ ಲ್ಯಾಡರ್. ಸಿಡುಕು ಮೂತಿಯ ಹೆಂಗಸಿನ ಮನೆಗೆ ಗೋಟ್. ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಕೂತಲ್ಲಿ ಹೇಳು ಎಂದರೆ ನಾನು ತಡವರಿಸುತ್ತಿದ್ದೆ. ನಡೆದರೆ ಒಂದೂ ತಪ್ಪುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಹೇಶ ನನ್ನ ಬುಟ್ಟಿಯ ಪಕ್ಕ ಕುಕ್ಕರಿಸಿದ. "ಅಮ್ಮಾ, ಅವಳು ಕೆ.ಆರ್. ಪುರಂ ಕಡೆ ಬಾಡಿಗೆ ಮನೆ ನೋಡ್ತಿದಾಳೆ. ಅನೂನ ಕರ್ಕೊಂಡು ಹೋಗ್ಬಿಡ್ತಾಳೆ."

ನನ್ನ ತಲೆಯಲ್ಲಿ ಆಗ ಏನಿತ್ತು? ಮಗನ ಮೇಲೆ ಕರುಣೆ ಇರಲಿಲ್ಲ, ಅವನು ಎಂಥವನೆಂದು ಗೊತ್ತಿತ್ತು. ಇದ್ದದ್ದು ಸಿಟ್ಟು. ಕೀಲಿಯನ್ನು ನನ್ನ ಬಾಯಲ್ಲಿಟ್ಟವಳು ಹೊರಡುವ ಮಾತನ್ನು ನನಗೆ ಹೇಳಲಿಲ್ಲವಲ್ಲ ಎಂಬ ಸಿಟ್ಟು. ನೀನು ಹೋದರೆ ನಾನು ಈ ಮಗನ ಜೊತೆ ಒಬ್ಬಳೇ — ಅದೂ ಇತ್ತು. ಇರಲಿ.

"ಎಲ್ಲಿಗೆ ಹೋಗ್ತಾಳೆ? ಅವಳ ಪೆಟ್ಟಿಗೆ ಕೀಲಿ ನನ್ನ ಹತ್ರ ಐತೆ," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಬುಟ್ಟಿ ಎತ್ತಿಕೊಂಡ. ಹುಟ್ಟಿದ ಮೇಲೆ ಮೊದಲ ಸಲ ನನ್ನ ಮಗ ನನ್ನ ಹೂವಿನ ಬುಟ್ಟಿ ಹೊತ್ತದ್ದು ಅವತ್ತೇ. ಗೇಟಿಗೊಂದು ಪೊಟ್ಟಣ ಸಿಕ್ಕಿಸಿದೆ, ಗೇಟಿಗೊಂದು ಪದ ಹೇಳಿದೆ. ಅವನು ಫೋನಿನಲ್ಲಿ ಒತ್ತಿಕೊಳ್ಳುತ್ತ ಬಂದ. ನಡುವೆ ನಿಲ್ಲಿಸಬಹುದಿತ್ತು. ಲ್ಯಾಡರ್ ಮನೆಯ ಮುಂದೆ ಒಮ್ಮೆ ನಿಂತೆ ಕೂಡ — ಆದರೂ ಹೇಳಿದೆ. ಬೀದಿ ಮುಗಿಯುವಷ್ಟರಲ್ಲಿ ನಿನ್ನ ಹೊಸ ಮನೆಯ ಆಸೆ ಮುಗಿದಿತ್ತು.

ಪೆಟ್ಟಿಗೆ ಖಾಲಿಯಾದದ್ದು ಕಂಡು ನೀನು ಠಾಣೆಗೆ ದೂರು ಕೊಡಲು ಹೋದಾಗ ನಾನೂ ಬಂದಿದ್ದೆ. ಅಲ್ಲಿನ ಅಧಿಕಾರಿಯ ಮಾತು ನನಗೆ ಇವತ್ತಿಗೂ ಬಾಯಿಪಾಠ.

"ಬ್ಯಾಂಕಾದ್ರೆ ಫೋನ್ ಮಾಡಿ ನಿಲ್ಲಿಸ್ಬಹುದು ಮೇಡಂ. ಇದಕ್ಕೆ ಯಾರಿಗೆ ಫೋನ್ ಮಾಡ್ಲಿ? ಪದ ಇದ್ದೋರೇ ಯಜಮಾನ್ರು. ದುಡ್ಡು ಹೋದ ದಾರಿ ಇಡೀ ಪ್ರಪಂಚಕ್ಕೆ ಕಾಣುತ್ತೆ. ನಡೆದೋರ ಹೆಸರು ಕಾಣಲ್ಲ. ಪದಗಳನ್ನ ಯಾರಿಗಾದ್ರೂ ಹೇಳಿದ್ರಾ?"

ನೀನು ನನ್ನ ಕಡೆ ತಿರುಗಿಯೂ ನೋಡದೆ "ಇಲ್ಲ ಸರ್" ಎಂದೆ. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, "ಈ ವಯಸ್ಸಲ್ಲಿ ನಿಮ್ಮನ್ನ ಸ್ಟೇಷನ್ನಿಗೆ ಎಳೀಬಾರ್ದು ಅಂತ ಹೇಳ್ಲಿಲ್ಲ ಅತ್ತೆ" ಎಂದೆ.

ಆಗಲೂ ನಾನು ಹೇಳಲಿಲ್ಲ.

ಸಂಶಯಪಡಲು ಉಳಿದವನು ಇಲಿಯಾಸ್ — ಹೂವಿನ ಮಾರುಕಟ್ಟೆಯ ಪಕ್ಕ ಫೋನ್ ರಿಪೇರಿ ಮಾಡುವವನು. ಕಳವಿಗೆ ಸ್ವಲ್ಪ ದಿನ ಮುಂಚೆ, ನೀನು ಆ ಪೆಟ್ಟಿಗೆ ನೋಡುತ್ತಿದ್ದ ಫೋನಿನ ಒಡೆದ ಗಾಜು ಹಾಕಿಸಲು ನಾನೇ ಅವನಿಗೆ ಕೊಟ್ಟು ಬಂದಿದ್ದೆ. ನೀನು ಅವನ ಅಂಗಡಿ ಮುಂದೆ ನಿಂತು ಕಳ್ಳ ಎಂದು ಕೂಗಿದೆ. ಜನ ಸೇರಿದರು. ಅವನು ನನ್ನ ಕಡೆ ನೋಡಿದ. "ಅಮ್ಮಾ, ನೀವಾದ್ರೂ ಬೋಲೋ ನಾ. ಗ್ಲಾಸ್ ಒಂದೇ ನಾನು ಹಾಕಿದ್ದು."

"ನನಗೇನಪ್ಪಾ ಗೊತ್ತು," ಎಂದೆ.

ಪೊಲೀಸರು ಅವನನ್ನು ಕರೆಸಿ ಇಡೀ ದಿನ ಕೂರಿಸಿ ಬಿಟ್ಟರು. ಏನೂ ಸಿಗಲಿಲ್ಲ, ಇದ್ದರಲ್ಲವೇ ಸಿಗುವುದು. ಆದರೆ ಫೋನ್ ಕೊಟ್ಟರೆ ಒಳಗಿದ್ದದ್ದನ್ನೆಲ್ಲ ನೋಡುತ್ತಾನೆ ಎಂಬ ಮಾತು ಬೀದಿಯಲ್ಲಿ ಉಳಿಯಿತು. ಈಗ ಅವನು ಕವರು, ಚಾರ್ಜರು ಮಾರುತ್ತಾನೆ. ನಾನು ಹೂ ತರಲು ಬೇರೆ ಸಾಲಿನಿಂದ ಹೋಗುತ್ತೇನೆ.

ಮಹೇಶ ನಿನ್ನ ಹಣವನ್ನು "ಭದ್ರವಾಗಿ ಇಟ್ಟಿದೀನಿ" ಎಂದಿದ್ದ. ಒಂದು ಪಂದ್ಯಾವಳಿ ಮುಗಿಯುವುದರೊಳಗೆ ಅದೂ ಬೆಟ್ಟಿಂಗಿಗೆ ಹೋಯಿತು. ನೀನು ಇದೇ ಮನೆಯಲ್ಲಿ ಉಳಿದೆ. ನಾನು ಬಯಸಿದ್ದೂ ಅದನ್ನೇ ತಾನೆ — ನೀನು ಉಳಿದೆ, ಆದರೆ ಚಿತ್ರ ಬಿಡಿಸುವುದನ್ನು ಬಿಟ್ಟೆ.

ಇವತ್ತು ಯಾಕೆ ಹೇಳುತ್ತಿದ್ದೇನೆ ಎಂದರೆ, ಹೋದ ವಾರ ಅನುಗೆ ಫೋನ್ ಕೊಡಿಸಿದೆಯಲ್ಲ. ಅವಳಿಗೆ ಬುದ್ಧಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಪಾಸ್‌ವರ್ಡ್ ಯಾರಿಗೂ ಹೇಳ್ಬೇಡ. ಅಪ್ಪನಿಗೂ. ಬೇಕಿದ್ರೆ ಅಜ್ಜಿಗೆ ಹೇಳು."

ಅಜ್ಜಿಗೂ ಹೇಳಬೇಡ ಎನ್ನು, ಕವಿತಾ. ಕಾರಣವನ್ನೂ ಹೇಳು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುವವಳು ನೀನು. ಆ ಅಧಿಕಾರಿಗೆ ದಾರಿ ಕಂಡಿತ್ತು, ನಡೆದವನ ಹೆಸರು ಕಂಡಿರಲಿಲ್ಲ. ಆ ಹೆಸರು ನನ್ನ ಬಾಯಲ್ಲಿದೆ, ಅದರ ಪಕ್ಕದಲ್ಲಿ ನನ್ನದೂ. ನಾಳೆ ಠಾಣೆಗೆ ಹೋಗಿ ಎರಡನ್ನೂ ಬರೆಸಿ, ಹೆಬ್ಬೆಟ್ಟಲ್ಲ, ಸಹಿ ಹಾಕುತ್ತೇನೆ. ಮಗ ಜೈಲಿಗೆ ಹೋದರೆ ಹೋಗಲಿ. ನನ್ನನ್ನೂ ಕೂರಿಸಿದರೆ ಕೂರುತ್ತೇನೆ, ಇಲಿಯಾಸ್ ಕೂತಿದ್ದನಲ್ಲ. ನೀನು ಅನುವನ್ನು ಕರೆದುಕೊಂಡು ಹೊರಡುವುದಾದರೆ, ಹೊರಡು. ತಡೆಯುವವರು ಯಾರೂ ಇಲ್ಲ — ನಾನಂತೂ ಅಲ್ಲ.

ಅದಕ್ಕೂ ಮುಂಚೆ ಬೆಳಿಗ್ಗೆ ಶಿವಾಜಿನಗರದಲ್ಲಿ ಆ ಬೇರೆ ಸಾಲು ಬಿಟ್ಟು ಇಲಿಯಾಸನ ಅಂಗಡಿಯಿರುವ ಹಳೆಯ ಸಾಲಿಗೆ ಹೋಗುತ್ತೇನೆ. ಅಂಗಡಿಗಳು ತೆರೆದು, ಜನ ಸೇರುವವರೆಗೆ ಕಾಯುತ್ತೇನೆ. ನೀನು ಅಂದು ಕೂಗಿದ ಜಾಗದಲ್ಲೇ ಬುಟ್ಟಿ ಇಳಿಸಿ, ಅಷ್ಟೇ ಗಟ್ಟಿಯಾಗಿ ಕೂಗಿ ಹೇಳುತ್ತೇನೆ. ಹೂ ಮಾರಿದ ಗಂಟಲು ಇದು, ಆ ಬೀದಿಯ ಕೊನೆಯವರೆಗೂ ಕೇಳಿಸುತ್ತದೆ.