ಎಡಗಾಲಿನ ಬೂಟು ಮೊದಲು

ಬಸವಕಲ್ಯಾಣದ ಬಜಾರಿನಲ್ಲಿ ಶಕುಂತಲಾಬಾಯಿಯ ಮ್ಯಾಚಿಂಗ್ ಸೆಂಟರ್ ಗೊತ್ತಿಲ್ಲದ ಹೆಂಗಸರು ಕಡಿಮೆ. ಸೀರೆಗೆ ಒಪ್ಪುವ ಬ್ಲೌಸ್ ಪೀಸು, ಫಾಲು, ಲೈನಿಂಗ್ ಬಟ್ಟೆ, ಸೀರೆಯ ಅಂಚಿಗೆ ಪಿಕೋ ಮಾಡುವ ಒಂದು ಮಷೀನು, ಇಷ್ಟೇ ಅಂಗಡಿ. ಐವತ್ತು ದಾಟಿದ ಈ ಹೆಂಗಸು ಯಾವ ವಸ್ತುವನ್ನೂ ಒಂದೇ ನೋಟಕ್ಕೆ ಒಪ್ಪಿಕೊಂಡವಳಲ್ಲ. ಹೋಲ್‌ಸೇಲಿನವನು ಕಳಿಸಿದ ಬಟ್ಟೆಯ ಥಾನನ್ನು ಪೂರ್ತಿ ಬಿಚ್ಚಿ, ಬಿಸಿಲಿಗೆ ಹಿಡಿದು, ಒಂದು ಮೂಲೆಯನ್ನು ನೀರಲ್ಲಿ ಅದ್ದಿ ಬಿಳಿ ಕರವಸ್ತ್ರಕ್ಕೆ ಉಜ್ಜಿ ನೋಡಿದ ಮೇಲೆಯೇ ಒಳಗಿಡುತ್ತಿದ್ದಳು. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುವಳು, ಕಂಡಕ್ಟರ್ ಹೌದೆಂದ ಮೇಲೆ ಪಕ್ಕದ ಸೀಟಿನವರನ್ನು ಕೇಳುವಳು.

ಮದುವೆಯಾದ ಎರಡನೇ ವರ್ಷಕ್ಕೆ ಉದಗೀರಿನಿಂದ ತವರಿಗೆ ಮರಳಿದ ಮೇಲೆ ಹೀಗಾದಳು ಎಂದು ಓಣಿಯವರು ಹೇಳುತ್ತಿದ್ದರು. ಗಂಡಿಗೆ ಸ್ವಂತ ಅಂಗಡಿ ಇದೆ ಎಂದು ನಂಬಿಸಿ ಮದುವೆ ಮಾಡಿಸಿದ್ದರು. ಹೋಗಿ ನೋಡಿದರೆ ಅವನು ಅಲ್ಲಿ ಕೆಲಸಕ್ಕಿದ್ದವನು. ಅವಳನ್ನೇ ಕೇಳಿದರೆ, "ನಾ ಸಣ್ಣಾಕಿ ಇದ್ದಾಗಿಂದೂ ಹಿಂಗೇ ಅದೀನಿ. ಅದೊಂದು ಸಲ ಮಂದಿ ಮಾತು ಕೇಳಿದ್ದೆ," ಎನ್ನುತ್ತಿದ್ದಳು.

ತಮ್ಮ ವೀರಭದ್ರನ ಮಗಳು ಶೀತಲ್ ಈ ಅತ್ತೆಯ ಮಡಿಲಲ್ಲೇ ಬೆಳೆದವಳು. ವೀರಭದ್ರನೂ ಅವನ ಹೆಂಡತಿ ಪೂನಮ್ಮಳೂ ಗೊಬ್ಬರದ ಅಂಗಡಿ ಬಿಟ್ಟು ಏಳುವಂತಿರಲಿಲ್ಲ. ಹಾಗಾಗಿ ಹುಡುಗಿಯನ್ನು ಭಾನುವಾರ ಹುಮನಾಬಾದಿಗೆ ಸ್ಕೇಟಿಂಗ್ ಕಲಿಯಲು ಕರೆದೊಯ್ಯುವ ಕೆಲಸ ಶಕುಂತಲಾಬಾಯಿಗೆ ಬಂದಿತ್ತು. ಕಲಿಸುವವನು ಸಂಘರತ್ನ ಎಂಬ ಯುವಕ. ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ರಜೆಯ ದಿನ ಒಂದು ಸಿಮೆಂಟ್ ಅಂಗಳದಲ್ಲಿ ಮಕ್ಕಳಿಗೆ ಗಾಲಿ ಬೂಟಿನ ಪಾಠ. ಹೆಸರು ಕೇಳಿ ಅವನು ಯಾವ ಕೇರಿಯವನೆಂದು ಗುರುತಿಸಿದ ಮೊದಲ ದಿನವೇ ಅವಳ ಮನಸ್ಸು ಅರ್ಧ ಹೆಜ್ಜೆ ಹಿಂದೆ ಸರಿದಿತ್ತು. ಯಾಕೆಂದು ಅವಳು ಬಾಯಿಬಿಟ್ಟು ಎಂದೂ ಹೇಳಲಿಲ್ಲ. ಅವನು ತರಿಸಿದ ಚಹಾವನ್ನು ಮಾತ್ರ, "ಈಗಷ್ಟೇ ಕುಡದು ಬಂದೀನಿ," ಎಂದು ಪ್ರತಿ ಸಲ ಪಕ್ಕಕ್ಕಿಡುತ್ತಿದ್ದಳು.

ಆ ವರ್ಷ ಡೆಹರಾಡೂನಿನಲ್ಲಿ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಕಲಿಸುವ ಶಿಬಿರವೊಂದು ನಿಗದಿಯಾಯಿತು. ಸಂಘರತ್ನ ಶೀತಲ್‌ಳ ಹೆಸರು ಕೊಟ್ಟ. ಗಾಲಿ ಬೂಟು ಅಲ್ಲಿ ನಡೆಯುವುದಿಲ್ಲ, ಅಡಿಯಲ್ಲಿ ಉದ್ದನೆಯ ಉಕ್ಕಿನ ಬ್ಲೇಡು ಇರುವ ಬೂಟು ಬೇಕು. ಹೊಸದು ನಮ್ಮ ಕಡೆ ಸಿಗುವುದಿಲ್ಲ ಎಂದು ಅವನೇ ಪುಣೆಯಿಂದ ಒಂದು ಜೊತೆ ತರಿಸಿದ. "ಅಲ್ಲಿ ಒಬ್ಬ ಹುಡುಗಿ ಹಾಕ್ಕೊಂಡು ವಾಪರಿಸಿದ್ದು ರೀ. ಆಕಿ ಕಾಲು ಬೆಳೀತು, ಬೂಟು ಸಣ್ಣದಾತು," ಎಂದ.

ಪೆಟ್ಟಿಗೆ ಮನೆಗೆ ಬಂದ ದಿನ ಶಕುಂತಲಾಬಾಯಿ ಬೂಟುಗಳನ್ನು ಕಿಟಕಿಯ ಬೆಳಕಿಗೆ ಒಯ್ದಳು. ಚರ್ಮ ಗಟ್ಟಿ, ಕಟ್ಟಿಗೆಯಂತೆ. ಲೇಸಿನ ಕೆಳಗಿನ ನಾಲಗೆಯ ಒಳಬದಿ ಪೆನ್ನಿನಲ್ಲಿ ಬರೆದಿದ್ದ ಹೆಸರನ್ನು ಯಾರೋ ತಿಕ್ಕಿ ತಿಕ್ಕಿ ಅಳಿಸಿದ್ದರು. ತಳದ ನಂಬರು ನೋಡಿದರೆ ಶೀತಲ್‌ಳ ಶಾಲೆಯ ಬೂಟಿಗಿಂತ ಸಣ್ಣದು.

"ವೀರಭದ್ರ, ಇಲ್ಲಿ ನೋಡು. ಬೆಳೆಯೋ ಹುಡುಗಿಗಿ ಒಂದು ನಂಬರ್ ದೊಡ್ಡದು ತಗೋತಾರೋ, ಸಣ್ಣದು ತಗೋತಾರೋ?"

"ಸರ್ ತಿಳಿದವರು ಅದಾರ ಅಕ್ಕಾ. ಅವರಿಗಿ ಗೊತ್ತಿರಲ್ದೇನು?"

"ಅವಗ ಗೊತ್ತದ. ಅದಕ್ಕೇ ನನಗ ಶಕ್."

ಶೀತಲ್ ಬ್ಲೇಡಿಗೆ ಪ್ಲಾಸ್ಟಿಕ್ ಕವಚ ಹಾಕಿಕೊಂಡು ದಿನಾ ಸಂಜೆ ಮನೆಯೊಳಗೆ ಆ ಬೂಟಿನಲ್ಲಿ ಓಡಾಡತೊಡಗಿದಳು. ಹಾಗೆ ರೂಢಿ ಮಾಡಿಕೊಳ್ಳಲು ಸರ್ ಹೇಳಿದ್ದರು. ನೋಯುತ್ತದೆಯೇ ಎಂದರೆ ಇಲ್ಲ ಎನ್ನುವಳು. ಒಂದು ಬೆಳಿಗ್ಗೆ ಶಾಲೆಗೆ ಹೊರಟಾಗ ಅವಳು ಕುಂಟುವುದು ಅತ್ತೆಯ ಕಣ್ಣಿಗೆ ಬಿತ್ತು. ಸಾಕ್ಸ್ ಎಳೆದು ನೋಡಿದರೆ ಎರಡೂ ಕಾಲಿನ ಹರಡಿನಲ್ಲಿ, ಗಿಣ್ಣಿನ ಎಲುಬಿನ ಮೇಲೆ ಕೆಂಪಗೆ ಬೊಬ್ಬೆ.

"ಇದೇನು?"

"ಸೊಳ್ಳಿ ಕಡದದ ಅತ್ತಿ."

ಎರಡೂ ಕಾಲಿಗೆ ಒಂದೇ ಜಾಗದಲ್ಲಿ ಕಚ್ಚುವ ಸೊಳ್ಳೆಯನ್ನು ಶಕುಂತಲಾಬಾಯಿ ಕಂಡಿರಲಿಲ್ಲ. ಈಗ ಅವಳ ಅನುಮಾನ ಇಬ್ಬರ ಮೇಲಾಯಿತು. ಅವನು ಹಾಳು ಮಾಲು ದಾಟಿಸಿದ್ದಾನೆ. ಇವಳು ಶಿಬಿರ ತಪ್ಪೀತೆಂದು ನೋವು ಮುಚ್ಚಿಡುತ್ತಿದ್ದಾಳೆ.

ಮರುದಿನ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಅವಳು ಬೂಟುಗಳನ್ನು ಅಂಗಡಿಗೆ ತಂದು, ಶಟರು ಅರ್ಧ ಎಳೆದು, ತನ್ನ ಕಾಲಿಗೇ ಹಾಕಿಕೊಂಡಳು. ಅವಳದು ಸಣ್ಣ ಪಾದ, ಹುಡುಗಿಯದಕ್ಕೂ ಅವಳದಕ್ಕೂ ಹೆಚ್ಚು ಅಂತರವಿರಲಿಲ್ಲ. ಲೇಸು ಬಿಗಿದು, ಬ್ಲೌಸ್ ಪೀಸಿನ ಕಪಾಟು ಹಿಡಿದು ಎದ್ದು ನಿಂತಳು. ಬೆರಳ ತುದಿ ಮುಂದೆ ತಾಗಿತು. ಸಣ್ಣದೇ, ನನ್ನ ಮಾತು ಖರೇ ಆಯಿತು ಎಂದುಕೊಂಡಳು. ಬ್ಲೇಡು ತೂಗಾಡಿ ಮೊಣಕಾಲು ತಾನಾಗಿ ಬಾಗಿದಾಗ ಹಿಮ್ಮಡಿ ಹಿಂದೆ ಸರಿದು ಕೂತಿತು, ಬೆರಳಿಗೆ ಜಾಗ ಸಿಕ್ಕಿತು. ಇದು ಅವಳ ಲೆಕ್ಕಕ್ಕೆ ಹೊಂದಲಿಲ್ಲ. ಮತ್ತೆ ನೆಟ್ಟಗೆ ನಿಂತಳು, ಮತ್ತೆ ಬಾಗಿದಳು. ಹರಡಿನ ಎಲುಬಿಗೆ ಮಾತ್ರ ಯಾರೋ ಹೆಬ್ಬೆರಳಿಂದ ಒತ್ತಿ ಹಿಡಿದಂತಿತ್ತು.

ಅಷ್ಟರಲ್ಲಿ ಗಯಾಬಾಯಿ ಎಂಬ ಹಳೆಯ ಗಿರಾಕಿ ಶಟರಿನ ಕೆಳಗೆ ತಲೆ ತೂರಿಸಿದಳು. "ಬಾಯೀ, ಫಾಲ್ ಹಚ್ಚಿ ಆತೇನ್ರಿ?" ಎಂದವಳು, ಸೀರೆಯಡಿಯ ಬಿಳಿ ಬೂಟು ಕಂಡು ಮಾತು ನಿಲ್ಲಿಸಿದಳು.

"ಕಾಲು ಉಳುಕೇದ. ಡಾಕ್ಟರ್ ಕೊಟ್ಟಾರ," ಎಂದಳು ಶಕುಂತಲಾಬಾಯಿ, ಮುಖದ ಒಂದು ಗೆರೆಯೂ ಅಲುಗದ ಹಾಗೆ.

ಭಾನುವಾರ ಅತ್ತೆ ಮತ್ತು ಸೊಸೆ ಹುಮನಾಬಾದಿನ ಬಸ್ಸು ಹತ್ತಿದರು. ಬೂಟಿನ ಚೀಲವನ್ನು ಶಕುಂತಲಾಬಾಯಿ ತೊಡೆಯ ಮೇಲಿಂದ ಇಳಿಸಲಿಲ್ಲ. ಅಂಗಳ ಮುಟ್ಟಿದ್ದೇ ಸಂಘರತ್ನನ ಮುಂದೆ ಚೀಲ ಇಟ್ಟಳು.

"ಈ ಮಾಲು ವಾಪಸ್ ತಗೋರಿ. ಹುಡುಗಿ ಕಾಲು ನೋಡ್ರಿ ಹ್ಯಾಂಗ ಆಗ್ಯಾವ."

ಸಂಘರತ್ನ ಶೀತಲ್‌ಳನ್ನು ಕಟ್ಟೆಯ ಮೇಲೆ ಕೂರಿಸಿ, ಮನೆಯಲ್ಲಿ ಹೇಗೆ ಹಾಕಿಕೊಳ್ಳುತ್ತೀಯೋ ಹಾಗೇ ಹಾಕಿ ತೋರಿಸು ಎಂದ. ಅವಳು ಮೊದಲು ದಪ್ಪ ಉಣ್ಣೆಯ ಸಾಕ್ಸ್ ಏರಿಸಿದಳು.

"ಇದನ್ನ ಯಾರು ಹಾಕಂದ್ರು?"

ಶೀತಲ್ ಅತ್ತೆಯ ಕಡೆ ನೋಡಿದಳು.

"ನಾನೇ. ಬರ್ಫದ ಮ್ಯಾಲೆ ನಿಂದ್ರೋ ಹುಡುಗಿ, ಬರೇ ಕಾಲಿಲೆ ಕಳಸಬೇಕೇನು?"

"ಅಕ್ಕೋರ, ಉಣ್ಣಿ ಸಾಕ್ಸ್ ಹಾಕಿದ್ರ ಒಳಗ ಕಾಲು ಜಾರತದ, ಜಾರಿ ಜಾರಿ ಉಜ್ಜತದ. ತೆಳ್ಳಂದು ಒಂದು ಸಾಕು. ಹಿಮ್ಮಡಿ ಗಟ್ಟಿ ಕೂಡ್ಬೇಕು, ಅದಕ್ಕೇ ನಂಬರ್ ಸಣ್ಣದು ತರಿಸೀನಿ. ಮೊಣಕಾಲು ಬಗ್ಗಿಸಿದಾಗ ಬೆರಳು ಹಿಂದ ಸರೀಬೇಕು."

ಅದು ತನಗೂ ಆದ ಅನುಭವ ಎಂದು ಶಕುಂತಲಾಬಾಯಿ ಹೇಳಲಿಲ್ಲ. "ಎಲುಬು? ಅದಕ್ಕೇನು ಹೇಳ್ತೀರಿ?" ಎಂದಳು.

ಎಲುಬಿನ ವಿಷಯದಲ್ಲಿ ಅವಳ ಮಾತು ಸರಿ ಎಂದು ಅವನು ಒಪ್ಪಿದ. ಬೂಟಿನ ಒಳಪದರ ಇನ್ನೂ ಹಳೆಯ ಕಾಲಿನ ಆಕಾರದಲ್ಲೇ ಇದೆ, ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಬಿಸಿಯಿರುವಾಗಲೇ ಹಾಕಿ ಕೂತರೆ ಈ ಹುಡುಗಿಯ ಕಾಲಿನ ಆಕಾರಕ್ಕೆ ಬರುತ್ತದೆ ಎಂದ. ತಾನೇ ಮೊದಲು ಮಾಡಿಸಬೇಕಿತ್ತು, ಮನೆಯಲ್ಲಿ ಹಾಕಿ ಹಾಕಿ ತಾನಾಗಿ ಕೂರುತ್ತದೆ ಎಂದು ಬಿಟ್ಟುಬಿಟ್ಟೆ ಎಂದೂ ಹೇಳಿದ. ಬಿಸಿ ಗಾಳಿಯ ಮಷೀನು ಪಕ್ಕದ ಬೀದಿಯ ನೂರೀನ್‌ಳ ಬ್ಯೂಟಿ ಪಾರ್ಲರಿನಲ್ಲಿತ್ತು. ಅವಳ ಮಗಳೂ ಇಲ್ಲೇ ಸ್ಕೇಟಿಂಗ್ ಕಲಿಯುತ್ತಿದ್ದಳು.

ಪಾರ್ಲರಿಗೆ ನಡೆಯುವಾಗ ಶಕುಂತಲಾಬಾಯಿಗೆ ಹೊಸ ಸಂಶಯ ಹುಟ್ಟಿತು. ಒಮ್ಮೆ ಬಿಸಿ ಮಾಡಿದರೆ ಮಾಲು ವಾಪಸು ಮಾಡುವಂತಿಲ್ಲ. ನೀರಲ್ಲಿ ಅದ್ದಿದ ಬಟ್ಟೆಯನ್ನು ಯಾವ ಅಂಗಡಿಯವನು ತಿರುಗಿ ತಗೊಳ್ಳುತ್ತಾನೆ? ಇದೇ ಇವನ ಹಂಚಿಕೆ ಇರಬೇಕು.

ನೂರೀನ್ ಕೂದಲು ಒಣಗಿಸುವ ಡ್ರೈಯರ್ ಕೈಗೆತ್ತಿಕೊಳ್ಳುತ್ತಿದ್ದಂತೆ ಅವಳು ಕೈ ಅಡ್ಡ ಹಿಡಿದಳು.

"ಒಂದೇ ಮಾಡ್ರಿ. ಎಡಗಾಲಿಂದು ಮೊದಲು. ಬಲಗಾಲಿಂದು ಹಂಗೇ ಇರ್ಲಿ."

"ಅಕ್ಕಾ, ಒಂದ್ ಮಾಡಿ ಒಂದ್ ಬಿಟ್ರ ಹ್ಯಾಂಗ?" ನೂರೀನ್ ನಕ್ಕಳು.

"ಹಂಗೇ."

ಸಂಘರತ್ನ ಎಡಗಾಲಿನ ಬೂಟು ಎತ್ತಿಕೊಂಡ. ಶೀತಲ್‌ಳ ಎಡ ಹರಡಿನ ಎಲುಬಿನ ಮೇಲೆ ಏನಾದರೂ ಮೆತ್ತನೆಯದು ಅಂಟಿಸಬೇಕು, ಅಷ್ಟು ಜಾಗ ಒಳಗೆ ಕುಳಿಯಾಗಿ ಉಳಿಯುತ್ತದೆ ಎಂದ. ನೂರೀನ್ ಹತ್ತಿ ತಂದಳು. ಹತ್ತಿ ಒತ್ತಿದರೆ ಚಪ್ಪಟೆಯಾಗುತ್ತದೆಂದು ಶಕುಂತಲಾಬಾಯಿ ಅದನ್ನು ಬೇಡವೆಂದಳು. ಅಂಗಡಿಗೆಂದು ಬೆಳಿಗ್ಗೆ ಹುಮನಾಬಾದಿನಲ್ಲೇ ಕೊಂಡಿದ್ದ ಬ್ಲೌಸಿನ ಪ್ಯಾಡು ಅವಳ ಕೈಚೀಲದಲ್ಲಿತ್ತು. ಒಂದನ್ನು ತೆಗೆದು, ಕತ್ತರಿ ಕೇಳಿ, ಗುಂಡಗೆ ಕತ್ತರಿಸಿ, ತೆಳು ಸಾಕ್ಸಿನ ಮೇಲೆ ಟೇಪು ಹಾಕಿ ತಾನೇ ಅಂಟಿಸಿದಳು. ಸಂಘರತ್ನ ಅದನ್ನು ಒತ್ತಿ ನೋಡಿ ಬೂಟು ನೂರೀನ್‌ಳಿಗೆ ಕೊಟ್ಟ.

ಬಿಸಿ ಗಾಳಿ ಒಳಗೆಲ್ಲ ಆಡಿದ ಮೇಲೆ ಶೀತಲ್ ಕಾಲು ತೂರಿಸಿದಳು. ಬೆರಳ ಕಡೆ ಲೇಸು ಸಡಿಲ, ಹರಡಿನ ಹತ್ತಿರ ಬಿಗಿ, ಮೇಲಿನ ಕೊಕ್ಕೆಗಳಲ್ಲಿ ಮತ್ತೆ ತುಸು ಸಡಿಲ. ಬೂಟು ತಣಿಯುವವರೆಗೆ ದೊಡ್ಡವರು ಮೂವರೂ ಆ ಕಾಲನ್ನೇ ನೋಡುತ್ತ ಕೂತರು. ಫೇಶಿಯಲ್ ಮಾಡಿಸಲು ಬಂದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು ನೋಡಿ, ಆಮೇಲೆ ಬರುತ್ತೇನೆಂದು ಹೋದಳು.

ತಣಿದ ಮೇಲೆ ಪ್ಯಾಡು ತೆಗೆಸಿ, ಬಲಗಾಲಿಗೂ ಬೂಟು ಹಾಕಿಸಿ, ಪಾರ್ಲರಿನ ಉದ್ದಕ್ಕೂ ನಡೆಸಿದರು.

"ಹ್ಯಾಂಗದ?" ಎಂದ ಸಂಘರತ್ನ.

"ಎಡಗಾಲು ಭಾರೀ ಚಂದ ಅದ ಸರ್!"

ಈ ಮಾತನ್ನು ಶಕುಂತಲಾಬಾಯಿ ನಂಬಲಿಲ್ಲ. ಸೊಳ್ಳೆ ಕಚ್ಚಿತು ಎಂದವಳೂ ಇವಳೇ. "ನಡಿ, ಇನ್ನೂ ನಡಿ," ಎಂದು ಬಹಳ ಹೊತ್ತು ನಡೆಸಿದಳು. ಆಮೇಲೆ ತಾನೇ ಲೇಸು ಬಿಚ್ಚಿ, ಸಾಕ್ಸ್ ಕಳೆದು, ಎರಡೂ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು. ಬಲ ಹರಡು ಹೊಸದಾಗಿ ಕೆಂಪೇರಿತ್ತು. ಎಡದ ಮೇಲೆ ಹಳೆಯ ಬೊಬ್ಬೆಯ ಗುರುತು ಬಿಟ್ಟರೆ ಏನೂ ಇರಲಿಲ್ಲ. ಹೆಬ್ಬೆರಳಿಂದ ಎರಡನ್ನೂ ಒತ್ತಿದಳು. ಬಲಕ್ಕೆ ಹುಡುಗಿ ಸರಕ್ಕನೆ ಕಾಲೆಳೆದುಕೊಂಡಳು, ಎಡಕ್ಕೆ ಸುಮ್ಮನಿದ್ದಳು.

"ಬಲಗಾಲಿಂದೂ ಮಾಡ್ರಿ," ಎಂದು ಇನ್ನೊಂದು ಪ್ಯಾಡು ಕತ್ತರಿಸಲು ಕೂತಳು.

ನೂರೀನ್ ಎರಡನೇ ಬೂಟಿಗೆ ಗಾಳಿ ಹಾಯಿಸುತ್ತಿರುವಾಗ ಶಕುಂತಲಾಬಾಯಿ ಸಂಘರತ್ನನನ್ನು ಹೊರಗೆ ಕರೆದಳು. ಒಂದು ಮಾತು ಅವಳ ಎದೆಯಲ್ಲಿ ಉಳಿದಿತ್ತು.

"ಬೂಟಿನ ಒಳಗ ಹೆಸರು ಯಾಕ ಅಳಿಸ್ಯಾರ? ಕಾಲು ಬೆಳೀತು ಅಂದ್ರಿ. ಬೆಳೆದ ಹುಡುಗಿ ತನ್ನ ಹೆಸರು ಯಾಕ ತಿಕ್ತಾಳ?"

"ನಾನೇ ಅಳಿಸೀನ್ರಿ," ಎಂದ. "ಆ ಹುಡುಗಿ ಆಡೂಮುಂದ ಬಿದ್ದು ಕೈ ಮುರಕೊಂಡಳು, ಆಟ ಬಿಟ್ಟಳು. ಬೂಟಿಂದೇನೂ ತಪ್ಪಿಲ್ಲ. ಆದ್ರ ಹೆಸರು ನೋಡಿ ಯಾರಂತ ಕೇಳ್ತೀರಿ, ಇದು ತಿಳಿದ್ರ ಅಪಶಕುನ ಅಂದು ಹುಡುಗೀನ ಕಳಸಲ್ಲ ಅಂತ ಅಳಿಸಿ ಸುಳ್ಳು ಹೇಳಿದೆ."

"ನನಗ ಗೊತ್ತಿತ್ತು!" ಶಕುಂತಲಾಬಾಯಿಯ ದನಿಯಲ್ಲಿ ಸಿಟ್ಟಿಗಿಂತ ಖುಷಿಯೇ ಹೆಚ್ಚಿತ್ತು. "ಏನೋ ಒಂದು ಅದ ಅಂತ ಮೊದಲೇ ಗೊತ್ತಿತ್ತು. ಖರೇ ಹೇಳಿದ್ರ ಏನಾಗ್ತಿತ್ತು?"

"ಖರೇ ಹೇಳಿದ್ರ ನಂಬ್ತಿದ್ರೇನು ಅಕ್ಕೋರ? ಎರಡು ವರ್ಷ ಆತು, ನನ್ನ ಕೈಯಾಗಿನ ಚಹಾ ಸೈತ ನೀವು ಮುಟ್ಟಿಲ್ಲ."

ಅವನು ಇದನ್ನು ಏರುದನಿಯಲ್ಲಿ ಹೇಳಲಿಲ್ಲ. ಶಕುಂತಲಾಬಾಯಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಯಾರನ್ನೂ ಏನನ್ನೂ ಕೇಳದೆ ಕೂತಿದ್ದನ್ನು ಕಂಡು ಶೀತಲ್, "ಅತ್ತಿ, ಜ್ವರ ಬಂದದೇನು?" ಎಂದಳು.

ಶಿಬಿರಕ್ಕೆ ವೀರಭದ್ರನೇ ಮಗಳನ್ನು ಕರೆದುಕೊಂಡು ಹೋದ. ಹೊರಡುವ ಮುಂಚಿನ ಭಾನುವಾರ ಹುಮನಾಬಾದಿನ ಅಂಗಳದಲ್ಲಿ ಸಂಘರತ್ನ ಎಂದಿನಂತೆ ಚಹಾ ತರಿಸಿದ. ಶಕುಂತಲಾಬಾಯಿ ಲೋಟ ಎತ್ತಿ, ಬೆಳಕಿಗೆ ಹಿಡಿದು, ಮೂಸಿ, ಒಂದು ಗುಟುಕು ಕುಡಿದು, "ಸಕ್ರಿ ಬಾಳ ಹಾಕ್ಯಾನ," ಎಂದಳು. ಪೂರ್ತಿ ಕುಡಿದಳು.

ನಾಲ್ಕಾರು ದಿನ ಕಳೆದ ಮೇಲೆ ಅಂಗಡಿಯಲ್ಲಿ ಗಿರಾಕಿಗಳಿರುವಾಗಲೇ ಶೀತಲ್‌ಳ ವಿಡಿಯೋ ಕಾಲ್ ಬಂತು. ಹಿಂದೆ ಬೆಳ್ಳಗೆ ಹೊಳೆಯುವ ನೆಲ, ಬಾಯಿಂದ ಹೊಗೆ. "ಅತ್ತಿ, ಕಾಲು ಒಂಚೂರೂ ನೋಯಾಕತ್ತಿಲ್ಲ! ಇವತ್ತ ಬೀಳದೇ ಒಂದು ಪೂರಾ ಸುತ್ತು ಹೊಡದೆ!"

"ಸಾಕ್ಸ್ ತೆಗಿ. ತೋರಸು."

ಹುಡುಗಿ ನಗುತ್ತ ಬೆಂಚಿನ ಮೇಲೆ ಕೂತು, ಬೂಟು ಕಳಚಿ, ಹರಡನ್ನು ಫೋನಿಗೆ ಹಿಡಿದಳು. ಶಕುಂತಲಾಬಾಯಿ ಕನ್ನಡಕ ಏರಿಸಿ ಬಹಳ ಹತ್ತಿರದಿಂದ ನೋಡಿದಳು.

"ಇದು ಎಡಗಾಲು. ಬಲಗಾಲು ತೋರಸು," ಎಂದಳು.