ಸ್ಲೈಡಿನ ನಡುಭಾಗ

ನನ್ನ ಸೋದರಮಾವನ ಸಾವನ್ನು ನಾನು ಅವರಿಗಿಂತ ಮೊದಲೇ ನೋಡಿದೆ. ನನ್ನ ಮೈಮೇಲೆ ದೇವರು ಬರುತ್ತದೆ ಅಂದುಕೊಳ್ಳಬೇಡಿ. ಮಾವನ ಹಳ್ಳಿ ಇತ್ತಲಾರಿಗೆ ಇನ್ನೂ ಮೊಬೈಲ್ ಬಂದಿರದ ಕಾಲ. ಊಟಿಯ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ, ಅಷ್ಟೇ.

ಮಾವನ ಲಿವರಿನಲ್ಲಿದ್ದ ಕ್ಯಾನ್ಸರ್ ಗಡ್ಡೆಯನ್ನು ಕೊಯಮತ್ತೂರಿನಲ್ಲಿ ಆಪರೇಷನ್ ಮಾಡಿ ತೆಗೆದಿದ್ದರು. ಸ್ಕ್ಯಾನ್ ಚೊಕ್ಕವಾಗಿತ್ತು. ಆದರೂ ತಿಂಗಳಿಗೊಮ್ಮೆ ರಕ್ತದ ಬಿಳಿಕಣ ಎಣಿಸಿ ಕಳಿಸಿ ಎಂದಿದ್ದರು ಸರ್ಜನ್. ಅವುಗಳಲ್ಲಿ ಮೈಯನ್ನು ಕಾಯುವ ಪುಟ್ಟ ಲಿಂಫೋಸೈಟುಗಳು ಇಳಿದು, ನ್ಯೂಟ್ರೋಫಿಲ್ ಎಂಬ ದೊಡ್ಡ ಕಣಗಳು ಏರುತ್ತಾ ಹೋದರೆ ಗಡ್ಡೆ ಮರಳುವ ಭಯ ಹೆಚ್ಚಂತೆ. ಖಚಿತವಲ್ಲ, ಸುಳಿವು ಮಾತ್ರ.

ಆ ತಿಂಗಳು ಮಾವ ಮೊದಲ ಬಸ್ಸಿಗೇ ಬಂದರು. "ಬೆಳಿಗ್ಗೆ ಎದ್ದು ನೋಡಿದರೆ ನಿಮ್ಮತ್ತೆ ಪೆಟ್ಟಿಗೆಯಿಂದ ಆ ನಾಣ್ಯ ತೆಗೆದು ತೊಳೀತಿದ್ದಳು, ಕೂಸೇ. ಯಾಕೆ ಅಂದರೆ ಗೊತ್ತಿಲ್ಲ ಅಂತಾಳೆ," ಎಂದು ನಕ್ಕರು. ನಮ್ಮಲ್ಲಿ ಸಾಯುವವರ ಬಾಯಿಗೆ ಪುಟ್ಟ ಚಿನ್ನದ ನಾಣ್ಯವನ್ನು ತುಪ್ಪದಲ್ಲಿ ಅದ್ದಿ ಹಾಕುತ್ತಾರೆ. ಅದಿಲ್ಲದೆ ಹೋದವರಿಗೆ ಆಚೆಯ ದಾರಿ ಸಿಗದು ಅಂತ ಹಿರಿಯರ ಮಾತು. ನನಗೆ ನಗು ಬರಲಿಲ್ಲ. ಅವರ ತೋಳಿಗೆ ಪಟ್ಟಿ ಕಟ್ಟಿ ರಕ್ತ ತೆಗೆದೆ.

ಅವರು ಹೊರಗೆ ಬೆಂಚಿನ ಮೇಲೆ ಬನ್ನು ತಿನ್ನುತ್ತಿದ್ದರು. ಒಳಗೆ ನಾನು ಅವರ ರಕ್ತ ನೋಡುತ್ತಿದ್ದೆ. ನೂರು ಕಣ ಎಣಿಸಿದ್ದೇ ಎಣಿಸುವ ಯಂತ್ರ ಟಿಣ್ ಎಂದಿತು. ಲಿಂಫೋಸೈಟುಗಳು ಹೋದ ತಿಂಗಳ ಅರ್ಧವೂ ಇರಲಿಲ್ಲ. ಮತ್ತೆ ಎಣಿಸಿದೆ. ಅಷ್ಟೇ ಬಂತು. ತಲೆಯೆತ್ತಿದರೆ ಮಂಜು ಕಿಟಕಿಯವರೆಗೂ ಇಳಿದಿತ್ತು, ಬೆಂಚಿನಲ್ಲಿ ಮಾವನ ಮಂಕಿ ಟೋಪಿ ಮಾತ್ರ ಕಾಣುತ್ತಿತ್ತು.

ಲ್ಯಾಬಿನವರಿಗೆಲ್ಲ ಗೊತ್ತು: ಸ್ಲೈಡಿನ ಮೇಲೆ ರಕ್ತ ಎಳೆದಾಗ ದೊಡ್ಡ ಕಣಗಳು ಅಂಚಿಗೆ ಸರಿಯುತ್ತವೆ, ಪುಟ್ಟ ಲಿಂಫೋಸೈಟುಗಳು ನಡುವೆ ಉಳಿಯುತ್ತವೆ. ಅದಕ್ಕೇ ಅಂಚಿನಿಂದ ಅಂಚಿಗೆ ಎಣಿಸಬೇಕು. ಮೂರನೇ ಸಲ ನಾನು ನಡುಭಾಗವನ್ನಷ್ಟೇ ಎಣಿಸಿದೆ. ಟಿಣ್. ಒಳ್ಳೆಯ ಸಂಖ್ಯೆ ಬಂತು. ಪಾಪಿ ನಾನು, ಅದನ್ನೇ ಬರೆದುಕೊಟ್ಟೆ. ಪ್ರೀತಿ ಕುರುಡು ಅಂತಾರೆ. ನನ್ನ ಪ್ರೀತಿಗೆ ಮೈಕ್ರೋಸ್ಕೋಪೇ ಇತ್ತು.

"ನಾಣ್ಯ ಒಳಗಿಡು ಅಂತ ಅವಳಿಗೆ ಹೇಳ್ತೀನಿ," ಎಂದು ಮಾವ ಚೀಟಿ ಮಡಿಸಿ ಜೇಬಿಗಿಟ್ಟರು.

ಮುಂದಿನ ತಿಂಗಳು ಅವರು ಬರಲಿಲ್ಲ. ಗಡ್ಡೆ ಮರಳಿ ಬೆಳೆದು ಒಳಗೇ ಒಡೆದಿತ್ತು. ಕೊಯಮತ್ತೂರಿಗೆ ಸಾಗಿಸುವಾಗ ಘಾಟಿಯಲ್ಲೇ ಪ್ರಾಣ ಹೋಯಿತು. ಸರಿಯಾದ ಸಂಖ್ಯೆ ಹೋಗಿದ್ದರೆ ಸರ್ಜನ್ ಮೊದಲೇ ಕರೆಸುತ್ತಿದ್ದರೇನೋ. ನಾಣ್ಯ ಇತ್ತಲಾರಿನ ಪೆಟ್ಟಿಗೆಯಲ್ಲೇ ಇತ್ತು.

ಹದಿನೈದು ದಿನದ ಮೇಲೆ ಅತ್ತೆ ಲ್ಯಾಬಿಗೆ ಬಂದರು. ಬೈಯಲಿಲ್ಲ. ನನ್ನ ಮುಷ್ಟಿ ಬಿಡಿಸಿ ನಾಣ್ಯ ಇಟ್ಟರು.

"ನಿನ್ನ ಚೀಟಿ ನಂಬಿ ಒಳಗಿಟ್ಟೆ," ಎಂದರು. "ನಿಮ್ಮ ಮಾವ ದಿನಾ ಬಾಗಿಲಿಗೆ ಬಂದು ನಾಣ್ಯ ಕೇಳ್ತಾರೆ. ಇನ್ನು ಮೇಲೆ, ನಿನ್ನ ಹತ್ತಿರ ಇದೆ ಅಂತ ಹೇಳ್ತೀನಿ."